ದಾಸ್ಯ ವಿಮೋಚನೆ: ಎಂಬತ್ತೆಂಟು ವರ್ಷಗಳ ಆತ್ಮಶೋಧನೆ

ಮಾನವರೆಲ್ಲರೂ ಒಬ್ಬನೇ ದೇವರ ಮಕ್ಕಳೆಂದು ಸಾರಿದ ಕ್ರೈಸ್ತ ಧರ್ಮವನ್ನು ಅನುಸರಿಸಿದ ನಾಡುಗಳಲ್ಲಿಯೇ ಗುಲಾಮಗಿರಿಯು ಶತಮಾನಗಳ ಕಾಲ ಉಳಿದುಬಂದಿತು. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂಬ ಮಾತು ಸಂತ ಪೌಲನ ಪತ್ರದಲ್ಲಿದೆ. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಬೋಧೆಯೂ ಅವನ ಹೆಸರಿನ ಪತ್ರಗಳಲ್ಲಿದೆ. ಗುಲಾಮರ ಒಡೆಯರು ಎರಡನೆಯದನ್ನೇ ತಮ್ಮ ಸಮರ್ಥನೆಗೆ ಬಳಸಿಕೊಂಡರು.

ನುಡಿ ಮತ್ತು ನಡೆಗಳ ಈ ಅಂತರವನ್ನು ಒಂದು ಚಿಕ್ಕ ಪಂಥವು ತನ್ನೊಳಗೇ ಹೇಗೆ ನೀಗಿಕೊಂಡಿತೆಂಬುದು ಮನನೀಯವಾಗಿದೆ. 1688ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ನಾಲ್ವರು ಗುಲಾಮಗಿರಿಯನ್ನು ಖಂಡಿಸುವ ಮನವಿಯೊಂದಕ್ಕೆ ಸಹಿ ಮಾಡಿ, ಕ್ವೇಕರ್ ಪಂಥದ ಸಭೆಗೆ ಒಪ್ಪಿಸಿದರು. ತನಗೆ ಬೇಡವಾದುದನ್ನು ಪರರಿಗೆ ಮಾಡಬಾರದೆಂಬುದೇ ಅವರ ವಾದದ ಸಾರ. ಅನೇಕ ಕ್ವೇಕರರು ಸ್ವತಃ ಗುಲಾಮರನ್ನು ಹೊಂದಿದ್ದ ಕಾಲವದು. ವಿಷಯವು ಗಹನವಾದುದೆಂದು ಹೇಳಿ ಸಭೆಯು ಮನವಿಯನ್ನು ಬದಿಗಿರಿಸಿತು.

ಮುಂದೆ ಜಾನ್ ವುಲ್ಮನ್ (1720–1772) ಎಂಬ ಸಾತ್ವಿಕನು ಊರೂರು ತಿರುಗಿ ಸಹಧರ್ಮೀಯರ ಅಂತಃಕರಣವನ್ನು ತಟ್ಟಿದನು. ಗುಲಾಮರನ್ನು ಆಸ್ತಿಯಂತೆ ವಾರಸುದಾರರಿಗೆ ಬಿಟ್ಟುಕೊಡುವ ಮರಣಶಾಸನಗಳನ್ನು ಬರೆಯಲು ನಿರಾಕರಿಸಿದನು. ಒಡೆಯರ ಮನೆಯಲ್ಲಿ ತಂಗಿದಾಗ, ತನಗೆ ಸೇವೆಗೈದ ಗುಲಾಮರಿಗೆ ಹಣ ಕೊಡುತ್ತಿದ್ದನು. ಅವನು ಯಾರನ್ನೂ ದ್ವೇಷಿಸಲಿಲ್ಲ. ಆದರೆ ಯಾರ ಮನಸ್ಸನ್ನೂ ನೆಮ್ಮದಿಯಾಗಿರಲು ಬಿಡಲಿಲ್ಲ. 1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆಯು ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ಪಂಥದ ಆಡಳಿತ ಕಾರ್ಯಗಳಿಂದ ದೂರವಿರಿಸಿತು. 1776ರಲ್ಲಿ, ಗುಲಾಮರನ್ನು ಬಿಡುಗಡೆ ಮಾಡದವರಿಗೆ ಪಂಥದಲ್ಲಿ ಸ್ಥಾನವಿಲ್ಲವೆಂದು ವಿಧಿಸಿತು. ಮೊದಲ ಮನವಿಯಿಂದ ಈ ನಿರ್ಣಯಕ್ಕೆ ಎಂಬತ್ತೆಂಟು ವರ್ಷಗಳು ಹಿಡಿದವು.

ತನ್ನ ಮನೆಯನ್ನು ಮೊದಲು ಶುಚಿಗೊಳಿಸಿಕೊಂಡವರ ಮಾತಿಗೆ ಬಲ ಬಂದಿತು. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ರಚಿತವಾದ ಸಮಿತಿಯ ಹನ್ನೆರಡು ಸದಸ್ಯರಲ್ಲಿ ಒಂಬತ್ತು ಮಂದಿ ಕ್ವೇಕರರಾಗಿದ್ದರು. ಬ್ರಿಟಿಷ್ ಸಂಸತ್ತು 1807ರಲ್ಲಿ ಆ ವ್ಯಾಪಾರವನ್ನು ನಿಷೇಧಿಸಿತು. 1833ರಲ್ಲಿ ತನ್ನ ಬಹುತೇಕ ವಸಾಹತುಗಳಲ್ಲಿ ಗುಲಾಮಗಿರಿಯ ರದ್ದತಿಗೆ ಶಾಸನ ಮಾಡಿತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿದ್ದ ಪ್ರದೇಶಗಳು ಆ ಶಾಸನದಿಂದ ಹೊರಗುಳಿದವು. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮನ್ನಣೆ ತಪ್ಪಿದುದು 1843ರಲ್ಲಿ.

ಆದರೆ ಬಿಡುಗಡೆಯೇ ಸಮಾನತೆಯಲ್ಲ. ಬ್ರಿಟನ್ ಎರಡು ಕೋಟಿ ಪೌಂಡುಗಳ ಪರಿಹಾರವನ್ನು ಒಡೆಯರಿಗೆ ನೀಡಿತೇ ಹೊರತು ದುಡಿದವರಿಗೆ ಬಿಡಿಗಾಸನ್ನೂ ಕೊಡಲಿಲ್ಲ. ಅಮೆರಿಕದ ಕೆಲವು ಕ್ವೇಕರ್ ಪ್ರಾರ್ಥನಾಲಯಗಳಲ್ಲಿಯೂ ಕರಿಯರಿಗೆ ಪ್ರತ್ಯೇಕ ಬೆಂಚುಗಳೇ ಮೀಸಲಾಗಿದ್ದವು. ಸಂಕೋಲೆಯನ್ನು ಶಾಸನವು ಕಡಿಯಬಲ್ಲದು. ಒಂದೇ ಬೆಂಚಿನಲ್ಲಿ ಜೊತೆಗೂಡಿ ಕುಳಿತುಕೊಳ್ಳುವ ಮನಸ್ಸನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಕಲಿಯಬೇಕಾಗುತ್ತದೆ.