‘ಮನೆಯಲ್ಲಿ ವಿಶ್ರಾಂತಿ ಪಡೆಯಿರಿ’

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೂ ವಿಕ್ಟೋರಿಯಾ ಆಸ್ಪತ್ರೆಗೂ ಕೂಗಳತೆಯ ದೂರ. ರಾತ್ರಿ ಹನ್ನೊಂದರ ಬಳಿಕ ಮಾರುಕಟ್ಟೆಯ ಆಸುಪಾಸಿನಲ್ಲಿ ನಡೆದರೆ ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ, ಮೇಲ್ಸೇತುವೆಯ ಕೆಳಗೆ ಮುಸುಕೆಳೆದು ಮಲಗಿದವರು ಕಾಣುತ್ತಾರೆ. ನಸುಕಿನಲ್ಲಿ ತರಕಾರಿ ಮೂಟೆ ಹೊರುವವರು, ಚಿಂದಿ ಆಯುವವರು, ಮದುವೆ ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗುವವರು ಅವರಲ್ಲಿದ್ದಾರೆ. 1900ರಲ್ಲಿ ಆರಂಭವಾದ ಸರ್ಕಾರಿ ಆಸ್ಪತ್ರೆಯೊಂದು ಇಷ್ಟು ಹತ್ತಿರದಲ್ಲಿದ್ದರೂ ಇವರಿಗೆ ಆರೋಗ್ಯ ಮಾತ್ರ ದೂರವೇ ಉಳಿದಿದೆ. ಏಕೆ?

ಬಡವರಿಗೆ ವೈದ್ಯರಿಲ್ಲ, ಔಷಧಿಯಿಲ್ಲ ಎಂಬುದು ನಮ್ಮ ಹಳೆಯ ದೂರು. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ವಸತಿರಹಿತರ ವಿಷಯದಲ್ಲಿ ವೈದ್ಯರೂ ಔಷಧಿಯೂ ಸಿಕ್ಕ ಮೇಲೆ ಇನ್ನೊಂದು ತೊಡಕು ಶುರುವಾಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಯಾವ ರೋಗಿಗಾದರೂ ಹೇಳುವ ಮಾತುಗಳನ್ನು ನೆನಪಿಸಿಕೊಳ್ಳಿ: ಗಾಯಕ್ಕೆ ನೀರು ತಾಗಿಸಬೇಡಿ, ಊಟದ ನಂತರ ಮಾತ್ರೆ ಸೇವಿಸಿ, ಭಾರ ಎತ್ತಬೇಡಿ, ಮೂರು ವಾರ ಮನೆಯಲ್ಲಿ ವಿಶ್ರಾಂತಿ ಪಡೆಯಿರಿ. ರೋಗಿಗೆ ಮನೆಯಿದೆ, ಹೊತ್ತಿಗೆ ಊಟ ಬಡಿಸುವವರಿದ್ದಾರೆ, ದುಡಿಯದೆ ಮೂರು ವಾರ ಕಳೆಯಲು ಸಾಧ್ಯವಿದೆ ಎಂದು ಈ ಸಲಹೆಗಳು ಮೊದಲೇ ಭಾವಿಸಿಕೊಂಡಿವೆ. ಪಾದಚಾರಿ ಮಾರ್ಗಕ್ಕೆ ಹಿಂತಿರುಗುವ ಕೂಲಿಕಾರನಿಗೆ ಇವುಗಳಲ್ಲಿ ಒಂದೂ ಅನ್ವಯಿಸುವುದಿಲ್ಲ.

ಕ್ಷಯವನ್ನೇ ತೆಗೆದುಕೊಳ್ಳಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು, ಔಷಧಿ ಸರ್ಕಾರದಿಂದ ಉಚಿತ. ಆದರೆ ಮಾತ್ರೆಗಳ ಚೀಲ ಮಳೆಯಲ್ಲಿ ನೆನೆದರೆ, ಕಳವಾದರೆ, ಪೊಲೀಸರು ಎಬ್ಬಿಸಿ ಓಡಿಸಿದಾಗ ಅಲ್ಲೇ ಉಳಿದರೆ ಚಿಕಿತ್ಸೆ ತುಂಡಾಗುತ್ತದೆ. ಹೀಗೆ ಮತ್ತೆ ಮತ್ತೆ ತುಂಡಾದರೆ ಔಷಧಿಗೂ ಬಗ್ಗದ ಕ್ಷಯಕ್ಕೆ ದಾರಿಯಾಗುತ್ತದೆ. ಮಧುಮೇಹಿಗೆ ಇನ್ಸುಲಿನ್ ತಂಪಾಗಿಡಲು ಜಾಗವಿಲ್ಲ. ಕಾಲಿನ ಸಣ್ಣ ಹುಣ್ಣು ಧೂಳು, ಕೊಳಚೆಯಲ್ಲಿ ಕೊಳೆತು ಕಾಲನ್ನೇ ಕತ್ತರಿಸುವ ಹಂತಕ್ಕೆ ಹೋಗಬಹುದು. ಶೌಚಕ್ಕೆ ಜಾಗವಿಲ್ಲದ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಮೂತ್ರಕೋಶದ ಸೋಂಕಿಗೆ ತುತ್ತಾಗುತ್ತಾರೆ. ಇವು ಯಾವುವೂ ವೈದ್ಯಶಾಸ್ತ್ರಕ್ಕೆ ತಿಳಿಯದ ಕಾಯಿಲೆಗಳಲ್ಲ. ವಾಸಿಯಾಗಲು ಬೇಕಾದ ನೆಲೆ ಇಲ್ಲದಿರುವುದರಿಂದ ಉಲ್ಬಣಿಸುವ ಕಾಯಿಲೆಗಳು.

ಇಂಥವರ ಸಂಖ್ಯೆ ಅಲ್ಪವೇನಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 17.7 ಲಕ್ಷ ವಸತಿರಹಿತರಿದ್ದರು. ಅವರಲ್ಲಿ 9 ಲಕ್ಷಕ್ಕೂ ಹೆಚ್ಚು ಮಂದಿ ನಗರವಾಸಿಗಳು. ಈ ಎಣಿಕೆ ನಡೆದದ್ದು ಫೆಬ್ರುವರಿ 28ರ ಒಂದೇ ರಾತ್ರಿ. ಗಣತಿದಾರರ ಕಣ್ಣಿಗೆ ಬೀಳದೆ ಉಳಿದವರು ಲೆಕ್ಕದಿಂದಲೂ ಹೊರಗುಳಿದರು.

ಎರಡನೆಯ ತೊಡಕು ಕಾಗದಪತ್ರಗಳದ್ದು. ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಬಿಪಿಎಲ್ ಪಡಿತರ ಚೀಟಿ ಹೊಂದಿದ ಕುಟುಂಬಗಳಿಗೆ ಉಚಿತ. ಪಡಿತರ ಚೀಟಿಗೆ ವಿಳಾಸ ಬೇಕು. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಆರಂಭವಾದ ನೆರವು 2024ರ ನವೆಂಬರ್‌ನಲ್ಲಿ 1,000 ರೂಪಾಯಿಗೆ ಏರಿತು. ಆ ಹಣ ಜಮೆಯಾಗುವುದು ಬ್ಯಾಂಕ್ ಖಾತೆಗೆ. ಹೀಗೆ ಅತ್ಯಂತ ನಿರ್ಗತಿಕನೇ ತಾನು ನಿರ್ಗತಿಕನೆಂದು ರುಜುವಾತುಪಡಿಸಲಾಗದೆ ಸೋಲುತ್ತಾನೆ. ಇದು ಅನಿವಾರ್ಯವೇನಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು, ಬಿಪಿಎಲ್ ಚೀಟಿ ಇರಲಿ ಇಲ್ಲದಿರಲಿ, ಬಡವರಿಗೂ ವಸತಿರಹಿತರಿಗೂ ಉಚಿತ ಮಾನಸಿಕ ಚಿಕಿತ್ಸೆಯ ಹಕ್ಕು ನೀಡಿದೆ. 2021ರಲ್ಲಿ ಗುರುತಿನ ಚೀಟಿ ಇಲ್ಲದವರಿಗೂ ಕೋವಿಡ್ ಲಸಿಕೆ ಹಾಕಲು ಕೇಂದ್ರ ಸರ್ಕಾರವೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಮನಸ್ಸಿಗೂ ಲಸಿಕೆಗೂ ಒಪ್ಪಿದ ಈ ನ್ಯಾಯ ಕ್ಷಯಕ್ಕೂ ಮುರಿದ ಕಾಲಿಗೂ ಏಕೆ ಒಪ್ಪಬಾರದು?

ಬೀದಿಯಲ್ಲಿರುವವರನ್ನು ರೋಗಿಗಳೆಂದು ಕಾಣುವ ಬದಲು ಅಪರಾಧಿಗಳೆಂದು ಕಾಣುವ ರೂಢಿಯೂ ನಮ್ಮಲ್ಲಿ ಬೇರೂರಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಭಿಕ್ಷುಕರನ್ನು ಹಿಡಿದು ಕೇಂದ್ರಗಳಲ್ಲಿ ಇರಿಸಲು ಅವಕಾಶ ಕೊಟ್ಟಿತು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹಲವರು ಸತ್ತಾಗ ಆ ವ್ಯವಸ್ಥೆಯ ಸ್ಥಿತಿ ಜಗಜ್ಜಾಹೀರಾಯಿತು. ಈ ಕಾಯ್ದೆಯಡಿ ನಾವು ಆಸ್ತಿ ತೆರಿಗೆಯೊಂದಿಗೆ ಶೇ 3ರಷ್ಟು ಭಿಕ್ಷುಕರ ಉಪಕರವನ್ನೂ ಕಟ್ಟುತ್ತೇವೆ ಎಂಬುದು ಅನೇಕ ಮನೆಮಾಲೀಕರಿಗೆ ಗೊತ್ತಿರಲಿಕ್ಕಿಲ್ಲ. ನಿರ್ಗತಿಕರ ಹೆಸರಿನಲ್ಲಿ ನಾವು ತೆತ್ತ ಹಣ ಅವರ ಆರೈಕೆಗೆ ಎಷ್ಟು ವಿನಿಯೋಗವಾಗುತ್ತಿದೆ ಎಂದು ಕೇಳುವ ಅಧಿಕಾರ ನಮಗಿದೆ.

ಮಾಡಬೇಕಾದ ಕೆಲಸ ಸ್ಪಷ್ಟವಾಗಿಯೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ ನೂರು ಜನರಿಗೆ ಕಾಯಂ ಆಶ್ರಯವಿರಬೇಕು, ಅದು ಹಗಲೂ ರಾತ್ರಿ ತೆರೆದಿರಬೇಕು ಎಂದು ವಿಧಿಸಿತು. 2011ರಲ್ಲಿ 84 ಲಕ್ಷ ಜನರಿದ್ದ ಬೆಂಗಳೂರಿಗೆ ಆ ಲೆಕ್ಕದಲ್ಲಿ ಕನಿಷ್ಠ 8,400 ಜನರಿಗೆ ಸ್ಥಳ ಬೇಕು. ಚೇತರಿಸಿಕೊಳ್ಳುತ್ತಿರುವ ರೋಗಿಗಳು ಮತ್ತು ಅವರ ಕುಟುಂಬಕ್ಕೆ ಪ್ರತ್ಯೇಕ ಆಶ್ರಯ ಕಲ್ಪಿಸಬಹುದೆಂದೂ ಆ ಮಾರ್ಗಸೂಚಿ ಹೇಳಿತ್ತು. ಅಂದರೆ ಹೊಸ ಕಾನೂನಿನ ಅಗತ್ಯವಿಲ್ಲ. ಪ್ರತಿಯೊಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಮಗ್ಗುಲಲ್ಲಿ ಮಂಚ, ಊಟ, ಶೌಚಾಲಯ, ಒಬ್ಬ ದಾದಿ ಇರುವ ಒಂದು ಕಟ್ಟಡ ಸಾಕು. ಅಮೆರಿಕದ ಬಾಸ್ಟನ್ ನಗರದಲ್ಲಿ 1985ರಿಂದ ಇಂತಹ ವ್ಯವಸ್ಥೆಯಿದೆ. ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಷ್ಟು ಕಾಯಿಲೆಯಿಲ್ಲದ, ಬೀದಿಗೆ ಮರಳುವಷ್ಟು ಶಕ್ತಿಯೂ ಇಲ್ಲದ ವಸತಿರಹಿತರು ಅಲ್ಲಿ ತಂಗಿ ಗುಣವಾಗುತ್ತಾರೆ.

ಸೌಲಭ್ಯ ಕೊಟ್ಟರೆ ಇನ್ನಷ್ಟು ಜನ ಬಂದು ಸೇರುತ್ತಾರೆ ಎಂಬ ಆಕ್ಷೇಪ ಸಾಮಾನ್ಯ. ಹಾಸಿಗೆ ಸಿಗುತ್ತದೆಂದು ಯಾರೂ ಕಾಲು ಮುರಿದುಕೊಳ್ಳುವುದಿಲ್ಲ. ಜನ ನಗರಕ್ಕೆ ಬರುವುದು ದುಡಿಮೆಗಾಗಿ, ಆ ದುಡಿಮೆಯ ಫಲ ನಮ್ಮ ಅಡುಗೆಮನೆಗೆ ದಿನವೂ ತಲುಪುತ್ತಿದೆ. ಮೂಟೆ ಹೊತ್ತು ಸೊಂಟ ಬಿದ್ದವನಿಗೆ ‘ಮನೆಯಲ್ಲಿ ವಿಶ್ರಾಂತಿ ಪಡೆಯಿರಿ’ ಎಂದು ಬರೆದುಕೊಡುವ ನಗರ, ಆ ವಿಶ್ರಾಂತಿಗೆ ಮೂರು ವಾರದ ಮಟ್ಟಿಗಾದರೂ ಒಂದು ಸೂರು ಒದಗಿಸಬೇಕು.