ಖಾಲಿ ಜಾಗದ ಸೊನ್ನೆ

‘ನೂರ ಮೂರು’ ಬರೆಯೆಂದರೆ ಹೈಸ್ಕೂಲಿಗೆ ಬಂದ ಹುಡುಗನೂ ಒಮ್ಮೊಮ್ಮೆ 1003 ಎಂದು ಬರೆಯುವುದುಂಟು. ಕಿವಿಗೆ ಬಿದ್ದಂತೆ ಬರೆದ, ಪಾಪ! ತಪ್ಪು ಅವನದಲ್ಲ, ಎಣಿಸಲು ಬಿಡದೆ ಅಂಕೆ ತಿದ್ದಿಸಿದ ನಮ್ಮದು.

ಹಿಡಿಸೂಡಿಯ ಕಡ್ಡಿಗಳನ್ನು ಹತ್ತತ್ತಾಗಿ ಬಾಳೆನಾರಿನಿಂದ ಮಗುವೇ ಕಟ್ಟಲಿ. ಅಂಥ ಹತ್ತು ಕಟ್ಟು ಕೂಡಿದರೆ ನೂರರ ಹೊರೆ. ಈಗ ಒಂದು ಹೊರೆ, ಮೂರು ಬಿಡಿ ಕಡ್ಡಿ ಇಡಿಸಿರಿ. ನಡುವೆ ಹತ್ತರ ಕಟ್ಟೇ ಇಲ್ಲ; ಆ ಖಾಲಿ ಜಾಗಕ್ಕೆ ಸೊನ್ನೆ. ಬರೆದರೆ 103.

ನಮ್ಮ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ತೊಡಕು. ಕನ್ನಡದ ‘ತೊಂಬತ್ತು’ ಹತ್ತನ್ನು ಕೇಳಿಸುತ್ತದೆ. ಮಲಯಾಳದ ‘ತೊಣ್ಣೂರ್’ ನೂರನ್ನು ಕೇಳಿಸಿದರೂ ಬೆಲೆ ತೊಂಬತ್ತೇ. ‘ತೊಳ್ಳಾಯಿರಂ’ ಎಂದರೂ ಒಂಬೈನೂರೇ. ಶಾಲೆಯಲ್ಲೊಂದು, ಅಂಗಡಿಯಲ್ಲೊಂದು ಕೇಳುವ ಮಗು ತಡವರಿಸಿದರೆ ಗದರಬೇಡಿರಿ. ಒಂಬತ್ತು ಕಟ್ಟು ಕೈಗಿತ್ತು ಎರಡು ಹೆಸರನ್ನೂ ಹೇಳಿಸಿರಿ.