ಹಳೆಯ ಲೇಸುಬಾಬಿನ್ನುಗಳ ಆರೈಕೆ

ಲೇಸೆಂದರೆ ನಮ್ಮ ನುಡಿಯಲ್ಲಿ ಒಳಿತೆಂದು ಅರ್ಥ. ಇಂಗ್ಲಿಷರ ಲೇಸಾದರೋ ನೂಲಿನಿಂದ ಹೆಣೆದ ಜಾಲರಿ. ಎರಡು ಮಾತುಗಳಿಗೂ ನಂಟೇನೂ ಇಲ್ಲ. ಕಿವಿಗೆ ಮಾತ್ರ ಒಂದೇ. ಈ ಜಾಲರಿಯನ್ನು ಕೊಕ್ಕೆಯಿಂದ ಹೆಣೆಯುವ ಬಗೆಯನ್ನು ನಮ್ಮ ಸೋದರಿಯರಲ್ಲಿ ಅನೇಕರು ಬಲ್ಲರು. ಸೂಜಿಯಿಂದ ಹೊಲಿದು ಮಾಡುವ ಬಗೆ ಇನ್ನೊಂದು. ಇವೆರಡನ್ನೂ ಬಿಟ್ಟು ಮೂರನೆಯದೊಂದುಂಟು. ಗಟ್ಟಿಯಾಗಿ ಹುಲ್ಲು ತುಂಬಿದ ದಿಂಬಿನ ಮೇಲೆ ಚುಚ್ಚುನಕ್ಷೆಯನ್ನು ಹಾಸಿ, ನಕ್ಷೆಯ ರಂಧ್ರಗಳಲ್ಲಿ ಗುಂಡುಸೂಜಿಗಳನ್ನು ನೆಟ್ಟು, ಎಳೆಗಳನ್ನು ಅವುಗಳ ಸುತ್ತ ಒಂದರ ಮೇಲೊಂದು ದಾಟಿಸಿ ತಿರುಚುತ್ತ ಹೋಗುವುದು ಅದರ ಕ್ರಮ. ಪ್ರತಿಯೊಂದು ಎಳೆಯ ತುದಿಯೂ ಒಂದೊಂದು ಸಣ್ಣ ಕಡ್ಡಿಗೆ ಸುತ್ತಿಕೊಂಡಿರುತ್ತದೆ. ಆ ಕಡ್ಡಿಗೆ ಬಾಬಿನ್ನೆಂದು ಹೆಸರು. ನಮ್ಮ ನೇಕಾರರ ಕಂಡಿಕೆಗೆ ಅದು ದೂರದ ಬಂಧುವೆನ್ನಬಹುದು. ಆದರೆ ಕಂಡಿಕೆಯು ಲಾಳಿಯೊಳಗೆ ಅಡಗಿರುವುದು, ಬಾಬಿನ್ನು ದಿನವೆಲ್ಲ ಬೆರಳುಗಳ ನಡುವೆ ಆಡುತ್ತಿರುವುದು. ಅಗಲವಾದ ಪಟ್ಟಿಯೊಂದಕ್ಕೆ ಇಂಥವು ನೂರಾರು ಬೇಕಾಗುತ್ತಿದ್ದವು.

ಹೊರನಾಡಿನ ಕಸಬಾದರೂ ಇದು ದಕ್ಷಿಣ ಭಾರತಕ್ಕೆ ತೀರ ಅಪರಿಚಿತವಲ್ಲ. ಆಗ ತಿರುವಾಂಕೂರು ಸೀಮೆಗೆ ಸೇರಿದ್ದ ನಾಗರಕೋಯಿಲಿನಲ್ಲಿ ಲಂಡನ್ ಮಿಷನ್ನಿನ ಶ್ರೀಮತಿ ಮಾಲ್ಟರು 1820ರ ಸುಮಾರಿಗೆ ಅಲ್ಲಿಯ ಹುಡುಗಿಯರಿಗೆ ಈ ದಿಂಬಿನ ಲೇಸನ್ನು ಕಲಿಸತೊಡಗಿದರು. ಆದರೂ ನಾವಿಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಇಂಗ್ಲೆಂಡಿನ ನಡುನಾಡಿನ ಬೆಡ್‌ಫರ್ಡ್, ಬಕಿಂಗ್‌ಹ್ಯಾಮ್, ನಾರ್ಥ್ಯಾಂಪ್ಟನ್ ಪ್ರಾಂತಗಳ ಬಾಬಿನ್ನುಗಳ ವಿಚಾರ. ನಮ್ಮ ಮನೆಯಲ್ಲಿಲ್ಲದ ವಸ್ತುವಿನ ಆರೈಕೆ ನಮಗೇಕೆಂದು ಕೆಲವರು ಕೇಳಬಹುದು. ಅಜ್ಜಿಯ ಕಾಲದ ಕೊಂಬಿನ ಬಾಚಣಿಗೆ, ಮರದ ಕುಂಕುಮದ ಭರಣಿ, ಮೂಳೆಯ ಹಿಡಿಯ ಚಾಕು, ಇವು ಯಾವ ಮನೆಯಲ್ಲಿಲ್ಲ? ಅವಕ್ಕೂ ಇದೇ ಆರೈಕೆ ಸಲ್ಲುವುದು.

ನಡುನಾಡಿನ ಬಾಬಿನ್ನು ಸುಮಾರು ನಾಲ್ಕು ಅಂಗುಲದ ಕಡ್ಡಿ. ಮರದಲ್ಲಿಯೋ ದನದ ಮೂಳೆಯಲ್ಲಿಯೋ ಕಡೆದು ಮಾಡಿದ್ದು. ಮೇಲ್ಗಡೆ ನೂಲು ಸುತ್ತುವ ಕೊರಳು. ಕೆಳತುದಿಯಲ್ಲಿ ತಂತಿಗೆ ಪೋಣಿಸಿದ ಗಾಜಿನ ಮಣಿಗಳ ಬಳೆ. ಈ ಮಣಿಬಳೆಯು ಬರಿಯ ಶೃಂಗಾರಕ್ಕೆಂದು ತಿಳಿಯಬಾರದು. ಅದರ ಭಾರದಿಂದ ಎಳೆಯು ಬಿಗಿಯಾಗಿ ನಿಲ್ಲುವುದು, ಕಡ್ಡಿಯು ದಿಂಬಿನ ಮೇಲೆ ಉರುಳದಿರುವುದು. ಅದೇ ಇಂಗ್ಲೆಂಡಿನ ಡೆವನ್ ಪ್ರಾಂತದ ಹಾನಿಟನ್ ಲೇಸಿನ ಬಾಬಿನ್ನಿಗೆ ಮಣಿಯೇ ಇಲ್ಲ. ಅಲ್ಲಿ ಮುಗಿದ ಹೆಣಿಗೆಯ ಕುಣಿಕೆಗಳೊಳಗೆ ಕಡ್ಡಿಯನ್ನೇ ತೂರಿಸಬೇಕಾಗುವುದರಿಂದ ಅದು ನುಣುಪಾಗಿಯೂ ಮೊನೆಯಾಗಿಯೂ ಇರತಕ್ಕದ್ದು. ರಾಣಿ ವಿಕ್ಟೋರಿಯಾಳ 1840ರ ಮದುವೆಯ ಲೇಸು ಅಂಥ ಕಡ್ಡಿಗಳಿಂದಲೇ ಆದುದು.

ಕಡೆಯುವವರು ತಮ್ಮ ಜಾಣ್ಮೆಯನ್ನೆಲ್ಲ ಈ ಅಂಗೈಯಗಲದ ವಸ್ತುವಿನಲ್ಲಿ ತೋರಿಸಿರುವರು. ತವರಸೀಸಗಳ ಮಿಶ್ರಲೋಹವಾದ ಪ್ಯೂಟರನ್ನು ಮರದೊಳಕ್ಕೆ ಪಟ್ಟೆಪಟ್ಟೆಯಾಗಿ ಕೂಡಿಸಿದರೆ ಅದು ಹುಲಿ. ಚುಕ್ಕೆಚುಕ್ಕೆಯಾಗಿ ಕೂಡಿಸಿದರೆ ಚಿರತೆ. ರೆಕ್ಕೆಯಂತೆ ಕೂಡಿಸಿದರೆ ಚಿಟ್ಟೆ. ಕಡ್ಡಿಯನ್ನು ಟೊಳ್ಳು ಮಾಡಿ ಕಿಟಕಿಗಳನ್ನು ಕೊರೆದು, ಒಳಗೊಂದು ಪುಟಾಣಿ ಬಾಬಿನ್ನನ್ನು ಬಿಟ್ಟರೆ ಅದಕ್ಕೆ ತಾಯಿಮಗುವೆಂದು ಹೆಸರು. ಡೀನ್ಸ್‌ಹ್ಯಾಂಗರ್ ಗ್ರಾಮದ ಜೆಸ್ಸಿ ಕಾಂಪ್ಟನ್ ಮತ್ತು ಅವನ ಮಗ ಜೇಮ್ಸ್, ಬೆಡ್‌ಫರ್ಡಿನ ಆರ್ಚಿಬಾಲ್ಡ್ ಆಬಟ್ ಮೊದಲಾದವರ ಕೆಲಸವನ್ನು ಕಡ್ಡಿಯ ತಲೆಯ ಆಕಾರದಿಂದಲೂ ಅಕ್ಷರಗಳ ರೂಪದಿಂದಲೂ ಬಲ್ಲವರು ಈಗಲೂ ಗುರುತಿಸುತ್ತಾರೆ.

ಅಕ್ಷರಗಳೆಂದೆವಷ್ಟೆ. ಈ ವಸ್ತುವಿನ ಜೀವವಿರುವುದು ಅಲ್ಲಿಯೇ. ಮೂಳೆಯ ಮೇಲೆ ಚುಕ್ಕೆಚುಕ್ಕೆಯಾಗಿ ಸಣ್ಣ ಕುಳಿಗಳನ್ನು ಕೊರೆದು, ಅವುಗಳಲ್ಲಿ ಕೆಂಪು ನೀಲಿ ಕಪ್ಪು ಬಣ್ಣಗಳನ್ನು ತುಂಬಿ, ಕಡ್ಡಿಯ ಸುತ್ತ ಬಳ್ಳಿಯಂತೆ ಹಬ್ಬಿಸಿ ಬರೆಯುತ್ತಿದ್ದರು. ಪ್ರಿಯನು ಪ್ರಿಯೆಗೆ ಹೇಳಿದ ಮಾತು, ಮದುವೆಯ ಉಂಗುರವನ್ನು ಬೇಗ ತಾರೆಂಬ ಬೇಡಿಕೆ, ಮಗುವಿನ ಹುಟ್ಟು, ತಾಯಿಯ ಸಾವು, ಎಲ್ಲವೂ ಅಲ್ಲಿವೆ. ಗಲ್ಲಿಗೇರಿದವರ ಹೆಸರುಗಳೂ ಉಂಟು! ಬೆಡ್‌ಫರ್ಡಿನಲ್ಲಿ 1860ರಲ್ಲಿ ಜೋಸೆಫ್ ಕ್ಯಾಸಲನೂ, 1868ರಲ್ಲಿ ವಿಲಿಯಂ ವರ್ಸ್ಲಿಯೂ ಗಲ್ಲಿಗೇರಿದುದನ್ನು ಬರೆದ ಬಾಬಿನ್ನುಗಳು ಉಳಿದುಬಂದಿವೆ; ವರ್ಸ್ಲಿಯದು ಆ ಊರಿನಲ್ಲಿ ಜನರೆದುರಿಗೆ ನಡೆದ ಕೊನೆಯ ಗಲ್ಲು. ದಿನವೂ ಬೆರಳಿಗೆ ತಾಕುವ ಕಡ್ಡಿಯ ಮೇಲೆ ಇಂಥ ಹೆಸರನ್ನು ಬಯಸಿದವರ ಮನಸ್ಸು ನಮಗೆ ಅರ್ಥವಾಗದು. ಆದರೆ ಹೆಚ್ಚಿನವು ಬರಿಯ ಹೆಸರುಗಳು. ಅಂದಿನ ಲೇಸುಶಾಲೆಗಳಲ್ಲಿ ಐದಾರು ವರ್ಷದ ಹೆಣ್ಣುಮಕ್ಕಳನ್ನು ದಿಂಬಿನ ಮುಂದೆ ಕೂಡಿಸುತ್ತಿದ್ದರು. ನೀರು ತುಂಬಿದ ಗಾಜಿನ ಬುರುಡೆಯೊಂದರ ಮೂಲಕ ಮೇಣದ ಬತ್ತಿಯ ಬೆಳಕನ್ನು ಕೂಡಿಸಿ, ಒಂದೇ ಬತ್ತಿಯ ಸುತ್ತ ಹಲವರು ಕುಳಿತು ರಾತ್ರಿ ದುಡಿಯುತ್ತಿದ್ದರು. ಜಾನ್ ಹೀತ್‌ಕೋಟನು 1809ರಲ್ಲಿ ಹಕ್ಕುಪತ್ರ ಪಡೆದ ಯಂತ್ರವೂ ಅದರ ಹಿಂದೆ ಬಂದ ಯಂತ್ರಗಳೂ ಕ್ರಮವಾಗಿ ಈ ಕೈಗಳ ಕೂಲಿಯನ್ನು ಕಿತ್ತುಕೊಂಡವು. ಆ ಬಡಹೆಂಗಸರಲ್ಲಿ ಎಷ್ಟೋ ಮಂದಿಗೆ ಚರ್ಚಿನ ದಫ್ತರದ ಒಂದೆರಡು ಸಾಲುಗಳನ್ನು ಬಿಟ್ಟರೆ ಈ ಕಡ್ಡಿಯ ಮೇಲಿನ ಹೆಸರೇ ಉಳಿದ ಗುರುತು. ಅದನ್ನು ಅಳಿಸಿದ ಮೇಲೆ ಮತ್ತೆ ಬರೆಯುವವರಿಲ್ಲ.

ಅಳಿಸುವವರು ಯಾರೆಂದರೆ ಕಳ್ಳರಲ್ಲ, ಹುಳುಗಳೂ ಅಲ್ಲ, ಪ್ರೀತಿಯಿಂದ ತೊಳೆಯುವವರು. ಕೊಳೆಯಾದ ಮೂಳೆಯ ಕಡ್ಡಿ ಕೈಗೆ ಬಂದೊಡನೆ ಸಾಬೂನಿನ ನೀರಿನಲ್ಲಿ ನೆನೆಯಿಟ್ಟು ತಿಕ್ಕುವುದು ನಮಗೆಲ್ಲ ಸಹಜವಾದ ಬುದ್ಧಿ. ಮೂಳೆಯು ಕಲ್ಲಿನಂತಲ್ಲ, ಅದರಲ್ಲಿ ಕೂದಲೆಳೆಗಿಂತ ಸಣ್ಣ ನಾಳಗಳಿವೆ. ಮೂಳೆಯನ್ನು ದಂತದಿಂದ ಬೇರ್ಪಡಿಸಿ ಗುರುತಿಸುವುದೂ ಆ ನಾಳಗಳ ಕಪ್ಪು ಚುಕ್ಕೆಗೀರುಗಳಿಂದಲೇ. ನೀರು ಒಳಹೊಕ್ಕರೆ ಮೂಳೆ ಉಬ್ಬುವುದು, ಒಣಗುವಾಗ ಸೀಳುವುದು, ಕುಳಿಗಳಲ್ಲಿನ ಬಣ್ಣ ಕಳಚಿಹೋಗುವುದು. ಬಿಳುಪು ಮಾಡುವ ಔಷಧಗಳಂತೂ ಕೂಡವೇ ಕೂಡದು. ಹಳೆಯ ಮೂಳೆಯ ಜೇನುಬಣ್ಣ ಕೊಳೆಯಲ್ಲ; ನೂರಾರು ಸಂಜೆಗಳ ಬೆರಳಿನ ಗುರುತು. ಮೃದುವಾದ ಒಣ ಕುಂಚದಿಂದ ಧೂಳನ್ನು ಕೊಡವಿದರೆ ಸಾಮಾನ್ಯವಾಗಿ ಸಾಕು. ಅಂಟುಜಿಡ್ಡು ಇದ್ದಲ್ಲಿ, ಅರಳೆಯನ್ನು ಶುದ್ಧವಾದ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಬರೆಹವನ್ನೂ ಬಣ್ಣವನ್ನೂ ತಪ್ಪಿಸಿ, ಸ್ವಲ್ಪ ಸ್ವಲ್ಪವಾಗಿ ಒರೆಸಿ ಕೂಡಲೇ ಒಣಬಟ್ಟೆಯಿಂದ ಒತ್ತಿ ತೆಗೆಯಬೇಕು. ಸ್ವಲ್ಪ ಕೊಳೆ ಉಳಿದರೂ ಉಳಿಯಲಿ ಎಂಬುದು ನಮ್ಮ ಮತ.

ಮರದ ಕಡ್ಡಿಗಳಿಗೆ ಕೊಬ್ಬರಿ ಎಣ್ಣೆ ಸವರುವ ಚಪಲವೊಂದುಂಟು. ಅಂದು ಹೊಳೆಯುವುದೇನೋ ನಿಜ. ಕೆಲವು ತಿಂಗಳಲ್ಲಿ ಎಣ್ಣೆ ಕಮರಿ ಅಂಟಾಗಿ ಧೂಳನ್ನು ಹಿಡಿಯುವುದು, ಮುಂದೆ ಅದೇ ಕಡ್ಡಿಗೆ ನೂಲು ಸುತ್ತಿದರೆ ನೂಲಿಗೂ ಕಲೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ತಿಕ್ಕಿದರೆ ಸಾಕಷ್ಟು ಕಾಂತಿ ಬರುತ್ತದೆ. ಮರಕ್ಕೆ ನಿಜವಾದ ಶತ್ರು ಕುಟ್ಟೆಹುಳು. ಒಂದೆರಡು ಮಿಲಿಮೀಟರಿನ ದುಂಡನೆಯ ರಂಧ್ರ ಕಂಡೊಡನೆ ಗಾಬರಿಯಾಗಬೇಕಾಗಿಲ್ಲ. ರಂಧ್ರದ ಒಳಗು ಕಪ್ಪಾಗಿದ್ದರೆ ಹುಳು ಹೋಗಿ ಬಹುಕಾಲವಾಗಿರಬಹುದು. ಬಿಳಿಚಿಕೊಂಡಿದ್ದು ಕೆಳಗೆ ಹೊಸ ಹುಡಿ ಉದುರಿದ್ದರೆ ಮಾತ್ರ ಅದನ್ನು ಕೂಡಲೇ ಉಳಿದವುಗಳಿಂದ ದೂರವಿಡಬೇಕು. ಬರಿಯ ಮರದ ಕಡ್ಡಿಯಾದರೆ, ಪಾಲಿಥೀನ್ ಚೀಲದಲ್ಲಿಟ್ಟು ಗಾಳಿಯನ್ನು ಹೊರಡಿಸಿ ಬಿಗಿಯಾಗಿ ಮುಚ್ಚಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಎರಡು ವಾರ ಇಡುವುದು ವಸ್ತುಸಂಗ್ರಹಾಲಯಗಳವರು ಒಪ್ಪಿದ ಉಪಾಯ. ಹೊರತೆಗೆದ ಮೇಲೆ ಒಂದು ದಿನ ಚೀಲವನ್ನು ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಮರದ ಮೇಲೆ ಹನಿ ಕೂಡುವುದು. ಲೋಹ ಕೂಡಿಸಿದವನ್ನೂ ಸೀಳಿದ ಮೂಳೆಯವನ್ನೂ ಹೀಗೆ ಮಾಡದೆ ಬಲ್ಲವರಿಗೆ ತೋರಿಸುವುದೇ ಲೇಸು.

ಪ್ಯೂಟರಿನ ವಿಷಯದಲ್ಲಿ ಒಂದು ವಿಚಿತ್ರವುಂಟು. ಹಳೆಯ ವಸ್ತುವಿಗೆ ಹಳೆಯ ಓಕ್ ಮರದ ಪೆಟ್ಟಿಗೆಯೇ ಶೋಭೆಯೆಂದು ಇಂಗ್ಲಿಷರು ಅದರಲ್ಲಿಟ್ಟರೆ, ಓಕ್ ಮರದಿಂದ ಹೊರಡುವ ಹುಳಿಯಾದ ಆವಿಯೇ ಸೀಸವನ್ನು ತಿನ್ನುವುದು. ಹುಲಿಯ ಪಟ್ಟೆಗಳ ಮೇಲೆ ಬಿಳಿಯ ಹುಡಿ ಕಂಡರೆ ಇದೇ ಕಾರಣವೆಂದು ಸಂಶಯಪಡತಕ್ಕದ್ದು. ಆ ಹುಡಿ ವಿಷ. ಬೆರಳಿನಿಂದ ಕೆರೆಯಬಾರದು, ಮಕ್ಕಳ ಕೈಗೆ ಕೊಡಬಾರದು, ಮುಟ್ಟಿದರೆ ಕೈ ತೊಳೆಯಬೇಕು. ಮಣಿಬಳೆಯ ಹಿತ್ತಾಳೆ ತಂತಿಗೆ ಕಿಲುಬು ಹಿಡಿದಿರುವುದನ್ನು ಕಂಡು ಹುಣಿಸೆಹಣ್ಣಿನ ಕಡೆಗೆ ಕೈ ನೀಡುವವರು ದಯವಿಟ್ಟು ತಡೆಯಲಿ. ಹುಣಿಸೆಯ ಹುಳಿ ಚೊಂಬಿಗೆ ಸರಿ. ಇಲ್ಲಿ ಅದು ತಂತಿಯ ಸಂದಿನಲ್ಲಿ ಉಳಿದು ಮೂಳೆಯನ್ನು ಕೊರೆಯುತ್ತದೆ.

ತಂತಿ ತೀರ ಸವೆದು ಮಣಿಗಳು ಉದುರುವಂತಿದ್ದರೆ ಹೊಸ ತಂತಿ ಹಾಕಲೇಬೇಕಾಗುವುದು. ಆಗ ಮೊದಲು ಚಿತ್ರ ತೆಗೆದು, ಮಣಿಗಳ ಕ್ರಮವನ್ನು ಬರೆದಿಟ್ಟುಕೊಂಡು, ಅದೇ ಕ್ರಮದಲ್ಲಿ ಪೋಣಿಸಬೇಕು. ಬದಿಯಲ್ಲಿ ಅರದ ಗುರುತು ಬಿದ್ದ ಚೌಕದ ಮಣಿಗಳು ಆ ಸೀಮೆಯ ವಿಶೇಷ. ನಡುವೆ ಒಂದು ಅಂಗಿಯ ಗುಂಡಿಯೋ, ಕವಡೆಯೋ, ನಾಣ್ಯವೋ ಸಿಕ್ಕಿಕೊಂಡಿದ್ದರೆ ಅದನ್ನು ಕಸವೆಂದು ತೆಗೆಯಬಾರದು. ಅದು ಯಾರದೋ ನೆನಪಿಗೆ ಕಟ್ಟಿದ್ದು. ಮಾರುಕಟ್ಟೆಯಲ್ಲಿ ಹೊಸ ಮಣಿಗಳಿಂದ ಮಿರುಗುವ ಹಳೆಯ ಬಾಬಿನ್ನುಗಳಿಗಿಂತ, ಎರಡು ಮಣಿ ಕಳೆದುಕೊಂಡು ಮಂಕಾಗಿರುವುದನ್ನೇ ನಾವು ಆರಿಸುವೆವು.

ಇಡುವ ರೀತಿಯಲ್ಲಿ ಹೆಚ್ಚು ಕಷ್ಟವಿಲ್ಲ. ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆ. ಗಂಜಿಯಿಲ್ಲದಂತೆ ಒಗೆದ ಹಳೆಯ ಹತ್ತಿಯ ಬಟ್ಟೆಯ ಹಾಸು. ಒಂದಕ್ಕೊಂದು ತಾಕದಂತೆ ಮಡಿಕೆಗಳು. ರಬ್ಬರಿನ ಪಟ್ಟಿಯಿಂದ ಕಟ್ಟಬಾರದು. ಅದು ಮೂಳೆಯ ಮೇಲೆ ಅಳಿಯದ ಕಂದುಗೆರೆಯನ್ನು ಬಿಡುತ್ತದೆ. ವೃತ್ತಪತ್ರಿಕೆಯ ಕಾಗದವೂ ಬೇಡ. ಬಿಸಿಲು ಬೀಳುವ ಗಾಜಿನ ಕಪಾಟೂ, ಮಳೆಗಾಲದಲ್ಲಿ ಒಸರುವ ಗೋಡೆಯೂ ಸಮಾನವಾದ ಶತ್ರುಗಳು. ಕರಾವಳಿಯ ಮನೆಗಳಲ್ಲಿ ಆಷಾಢ ಶ್ರಾವಣಗಳಲ್ಲಿ ವಾರಕ್ಕೊಮ್ಮೆ ತೆರೆದು ಬೂಷ್ಟು ಹಿಡಿದಿದೆಯೇ ಎಂದು ನೋಡತಕ್ಕದ್ದು. ತೇವ ಹೆಚ್ಚಾದರೂ ಕೆಡುಕು, ಒಮ್ಮೆಲೇ ಒಣಗಿದರೂ ಕೆಡುಕು, ಸ್ಥಿರವಾಗಿರುವುದೇ ಮುಖ್ಯ.

ಹಳೆಯ ಬಾಬಿನ್ನುಗಳಲ್ಲಿ ಈಗಲೂ ಹೆಣೆಯಬಹುದೇ ಎಂಬ ಪ್ರಶ್ನೆಗೆ ಬಲ್ಲವರಲ್ಲಿ ಎರಡು ಪಕ್ಷಗಳಿವೆ. ಕೆಲಸಕ್ಕೆಂದೇ ಹುಟ್ಟಿದ ವಸ್ತುವನ್ನು ಶವದಂತೆ ಪೆಟ್ಟಿಗೆಯಲ್ಲಿಡುವುದು ಸರಿಯಲ್ಲವೆಂದು ಒಂದು ಪಕ್ಷ. ಸವೆದ ಮೇಲೆ ಮರಳಿ ಬಾರದೆಂದು ಇನ್ನೊಂದು. ಬರೆಹವಿಲ್ಲದ ಗಟ್ಟಿಯಾದ ಮರದ ಕಡ್ಡಿಗಳಲ್ಲಿ ಹೆಣೆಯುವುದಕ್ಕೆ ನಮ್ಮ ಅಡ್ಡಿಯಿಲ್ಲ. ಹೆಸರಿರುವವನ್ನೂ ಟೊಳ್ಳು ಕೊರೆದವನ್ನೂ ದಿಂಬಿಗೆ ಏರಿಸಬಾರದು. ಪ್ರತಿಯೊಂದಕ್ಕೂ ದಾರದಿಂದ ಒಂದು ಚೀಟಿ ಕಟ್ಟಿ, ಯಾರಿಂದ ಬಂದಿತು, ಯಾವ ಊರಿನದು, ಬರೆಹ ಹೇಗಿದೆ ಎಂಬುದನ್ನು ಸೀಸದ ಕಡ್ಡಿಯಿಂದ ಬರೆದಿಡಬೇಕು. ಮಸಿಯು ತೇವಕ್ಕೆ ಹರಡುವುದು. ಕೊರಳಿನಲ್ಲಿ ಹಿಂದಿನವಳು ಸುತ್ತಿದ ನೂಲು ಇನ್ನೂ ಉಳಿದಿದ್ದರೆ, ಅದು ಎಷ್ಟೇ ಕಂದಿರಲಿ, ಬಿಚ್ಚದೆ ಹಾಗೆಯೇ ಬಿಡತಕ್ಕದ್ದು.